ಪುರುಡಿನ ಮನೆಯ ಹಬ್ಬ

ಮೊನ್ನೆ ಒಂದು ಮದುವೆಗೆಂದು ರಾಮನಗರದಲ್ಲಿ ಕನಕಪುರದ ಬಸ್ ಹತ್ತಿದೆ. ಪಕ್ಕದ ಸೀಟಿನವರು ಗೂಡು ಮಾರಿ ಊರಿಗೆ ಹೊರಟವರು. ಕಾಲಡಿಯಲ್ಲಿ ಖಾಲಿ ಚೀಲಗಳ ಕಟ್ಟು ಇಟ್ಟುಕೊಂಡಿದ್ದರು. ಚೀಲ ಖಾಲಿಯಾದರೂ ರೇಷ್ಮೆಗೂಡಿನ ವಾಸನೆ ಅದರಲ್ಲೇ ಕೂತಿತ್ತು. ಆ ವಾಸನೆಯನ್ನು ಹೊಗಳಲು ನನ್ನಿಂದಲೂ ಆಗದು. ಮುಂದಿನ ಸೀಟಿನ ಹುಡುಗಿ ಮೂಗಿಗೆ ವೇಲು ಒತ್ತಿಕೊಂಡಳು. ನಾನು ಮಾತ್ರ ಕಿಟಕಿ ಮುಚ್ಚಿ, ಉಸಿರು ಎಳೆದುಕೊಂಡು ಕೂತೆ. ನನ್ನ ನೌಕರಿಯ ಮೊದಲ ವರ್ಷ ಪೂರ್ತಿ ಆ ವಾಸನೆಯಲ್ಲೇ ಕಳೆದದ್ದು, ಅಷ್ಟು ನಕ್ಕ ವರ್ಷ ಮತ್ತೆ ನನಗೆ ಸಿಕ್ಕಿಲ್ಲ.

ನಾನು ಚನ್ನಪಟ್ಟಣದ ಪೇಟೆಯ ಹುಡುಗಿ. ಸಾತನೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯ ಉಪಕೇಂದ್ರಕ್ಕೆ ಕೆಲಸ ಆಯಿತು. ಸರ್ಕಾರದ ಕಾಗದದಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕಿ, ಊರಿಗೆ ನರ್ಸಮ್ಮ. ಉಪಕೇಂದ್ರ ಅಂದರೆ ದೊಡ್ಡ ಕಟ್ಟಡವೇನೂ ಅಲ್ಲ, ಹೊಂಬಾಳಜ್ಜಿಯ ಮನೆಯ ಜಗಲಿಗೆ ಅಂಟಿದ ಒಂದು ಕೋಣೆ. ಹಿಂದಿನ ಹಜಾರದಲ್ಲಿ ಅವರ ರೇಷ್ಮೆಹುಳು, ಮುಂದಿನ ಕೋಣೆಯಲ್ಲಿ ನನ್ನ ಸೂಜಿಮದ್ದು. ಮನೆಯಲ್ಲಿ ಇದ್ದವರು ಅಜ್ಜಿ, ಮಗ ಶಿವನಂಜ, ಸೊಸೆ ಸವಿತ. ಮೊದಲ ದಿನ ನಾನು ಅಜ್ಜಿಗೆ ನೀವು, ತಾವು ಅಂದದ್ದಕ್ಕೆ ಆಕೆ ಮುಖ ಗಂಟಿಕ್ಕಿ, "ನೀವುಗೀವು ಅನ್ಬ್ಯಾಡ ಕಣವ್ವ, ಯಾರೋ ಬೀಗರ ಮನೆಯವರು ಮಾತಾಡ್ಸಿದಂಗೆ ಆಯ್ತದೆ" ಅಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಆ ಊರಿನಲ್ಲಿ ನನ್ನ ಕೆಲಸದ ಅರ್ಧ ಭಾಗ ಸೂಜಿ ಚುಚ್ಚುವುದು, ಇನ್ನರ್ಧ ದಿನಾಚರಣೆ. ಕ್ಷಯರೋಗ ದಿನ, ಆರೋಗ್ಯ ದಿನ, ಪರಿಸರ ದಿನ, ಮಲೇರಿಯಾ ಮಾಸ. ಪ್ರತಿಯೊಂದಕ್ಕೂ ಮೇಲಿನಿಂದ ಒಂದು ಸುತ್ತೋಲೆ. ಬ್ಯಾನರ್ ಕಟ್ಟಬೇಕು, ರಂಗೋಲಿ ಬಿಡಬೇಕು, ದೀಪ ಹಚ್ಚಬೇಕು, ಶಾಲೆಯ ಮಕ್ಕಳನ್ನು ಸೇರಿಸಿ ಜಾಥಾ ಮಾಡಬೇಕು. ಮೊದಲನೆಯದು ಬಂದದ್ದು ಕ್ಷಯರೋಗ ದಿನ, ಯುಗಾದಿಗೆ ಸ್ವಲ್ಪ ಮುಂಚೆ. ಬೆಳಿಗ್ಗೆ ಎದ್ದು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ರಂಗೋಲಿ ಹಾಕಿ, ಶ್ವಾಸಕೋಶದ ಚಿತ್ರವಿದ್ದ ಪೋಸ್ಟರ್ ಅಂಟಿಸಿದೆ. ಹೊಂಬಾಳಜ್ಜಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದ್ಯಾವ ಹಬ್ಬ ಕಣವ್ವ? ನಮ್ಮ ಕಡೆ ಇಲ್ವಲ್ಲ."

"ಹಬ್ಬ ಅಲ್ಲ ಅಜ್ಜಿ, ದಿನಾಚರಣೆ."

"ರಂಗೋಲಿ ಬುಟ್ಟಿದ್ದೀಯ, ಸೊಪ್ಪು ಕಟ್ಟಿದ್ದೀಯ, ದೀಪನೂ ಐತೆ. ಹಬ್ಬ ಅಲ್ದೆ ಇನ್ನೇನು? ಏನಡುಗೆ?"

ಅಡುಗೆ ಏನೂ ಇಲ್ಲ, ಬಹಳ ದಿನದಿಂದ ಕೆಮ್ಮು ಇರುವವರು ಕಫ ಪರೀಕ್ಷೆ ಮಾಡಿಸಬೇಕು ಅಂದೆ. ಅಜ್ಜಿ ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತೆಂಗಿನಕಾಯಿ, ಕುಂಕುಮ ಹಿಡಿದು ಬಂದಳು. ಶ್ವಾಸಕೋಶಕ್ಕೆ ಎರಡೂ ಕಡೆ ಕುಂಕುಮ ಇಟ್ಟು, ಕಾಯಿ ಒಡೆದು, ಕರ್ಪೂರ ಹಚ್ಚಿದಳು. ಹೊಗೆಗೆ ನನಗೆ ಕೆಮ್ಮು ಬಂತು. "ನೋಡು, ಒಪ್ಕತು" ಅಂದಳು. ಆವತ್ತಿನಿಂದ ಅದು ಊರಿನ ಬಾಯಲ್ಲಿ ಕೆಮ್ಮಿನ ಹಬ್ಬ.

ನಾನು ಸುಮಾರು ದಿನ ತಿದ್ದಿದೆ. ಆಮೇಲೆ ಬಿಟ್ಟೆ. ಯಾಕೆಂದರೆ ಅದರಿಂದ ನನ್ನ ಕೆಲಸವೇ ಹಗುರಾಯಿತು. ಹಬ್ಬ ಅಂದಮೇಲೆ ನೇಮ ಇರಲೇಬೇಕು ಅನ್ನುವುದು ಅಜ್ಜಿಯ ವಾದ. ಏನು ಮಾಡಬೇಕು, ಏನು ಮಾಡಬಾರದು, ಅಷ್ಟು ಹೇಳಿದರೆ ಸಾಕು, ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಸೊಳ್ಳೆ ಹಬ್ಬಕ್ಕೆ ನೀರು ನಿಲ್ಲಬಾರದು ಅಂದೆ. ಸಂಜೆಯ ಹೊತ್ತಿಗೆ ಬೀದಿಯ ಒಡೆದ ಮಡಕೆ, ಒರಳು, ಹಳೆ ಟೈರು ಎಲ್ಲ ಬೋರಲು ಬಿದ್ದಿದ್ದವು. ಇದೇ ಮಾತನ್ನು ಸುತ್ತೋಲೆಯ ಭಾಷೆಯಲ್ಲಿ ಎಷ್ಟು ಸಲ ಹೇಳಿದ್ದರೂ ಯಾರೂ ಕದಲಿರಲಿಲ್ಲ. ಸೋತದ್ದು ಆರೋಗ್ಯ ದಿನದಲ್ಲಿ ಮಾತ್ರ. ಅದು ಬಂದದ್ದು ಯುಗಾದಿಯ ಮಾರನೆಯ ದಿನ ಮಾಡುವ ವರ್ಷತೊಡಕಿನ ಆಸುಪಾಸಿನಲ್ಲಿ. ಎಲ್ಲರ ಮನೆಯಲ್ಲೂ ಬಾಡಿನ ಸಾರು ಕುದಿಯುತ್ತಿತ್ತು, ಗಂಡಸರು ಮರದ ಕೆಳಗೆ ಇಸ್ಪೀಟು ಹಾಸಿದ್ದರು. ಕೊಬ್ಬು ಕಡಿಮೆ ತಿನ್ನಿ ಅಂತ ಹೇಳಲು ಹೋದವಳ ಕೈಗೆ ಅಜ್ಜಿ ಮುದ್ದೆ, ಸಾರು ಕೊಟ್ಟು ಕೂರಿಸಿದಳು. ಸುಳ್ಳು ಯಾಕೆ, ಎರಡನೆಯ ಸಲವೂ ಬಡಿಸಿಕೊಂಡೆ.

ಸವಿತ ಆಗ ಬಸುರಿ. ನಾನು ಅವಳ ವಿವರ ಬರೆದುಕೊಳ್ಳುವಾಗ ಮೊದಲನೆಯ ಹೆರಿಗೆ ಬಗ್ಗೆ ಕೇಳಿದೆ. ಕುದೂರಿನ ಹತ್ತಿರದ ತವರಿನಲ್ಲಿ ಗಂಡು ಮಗು ಹುಟ್ಟಿತ್ತು. ಚೆನ್ನಾಗಿತ್ತಂತೆ. ಮೊದಲ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿ, ಹತ್ತಿಯಲ್ಲಿ ಅದ್ದಿ ಸಕ್ಕರೆ ನೀರು ಹಾಕಿದ್ದರು. ಭೇದಿ ಹಿಡಿಯಿತು. ತಿಂಗಳು ತುಂಬುವ ಮೊದಲೇ ಹೋಯಿತು. "ಯಾರ್ನೂ ಅನ್ನಂಗಿಲ್ಲ ಅಕ್ಕ, ಎಲ್ಲಾರ ಮನೇಲೂ ಅದ್ನೇ ಹಾಕದು" ಅಂದಳು ಸವಿತ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೋದಳು. ಈ ಸಲದ ಮಗು ಉಳಿಯಲೇಬೇಕು ಅನ್ನುವುದು ಆವತ್ತಿನಿಂದ ನನ್ನ ತಲೆಯಲ್ಲಿ ಕೂತಿತು.

ಹೆಣ್ಣು ಮಗು ಹುಟ್ಟಿದ್ದು ಶ್ರಾವಣದ ಶುರುವಿನಲ್ಲಿ, ಸಾತನೂರಿನ ಆಸ್ಪತ್ರೆಯಲ್ಲಿ. ನಾನು ಜೊತೆಯಲ್ಲೇ ಇದ್ದೆ, ಮೊದಲ ಹಾಲು ಮಗುವಿನ ಹೊಟ್ಟೆ ಸೇರುವವರೆಗೆ ಅಲ್ಲಿಂದ ಏಳಲಿಲ್ಲ. ಮಾರನೆಯ ದಿನ ಜೀಪಿನಲ್ಲಿ ಊರಿಗೆ ಬಂದೆವು. ಮನೆ ಮುಂದೆ ಇಳಿಯುವ ಹೊತ್ತಿಗೆ ಎದುರು ಮನೆಯ ಬೋರಮ್ಮ ಬಟ್ಟಲು ಹಿಡಿದು ನಿಂತಿದ್ದಳು. ಬಟ್ಟಲಲ್ಲಿ ಸಕ್ಕರೆ ನೀರು, ಅಂಚಿನಲ್ಲಿ ಹತ್ತಿ. ಬೋರಮ್ಮ ಕೆಟ್ಟವಳಲ್ಲ. ಊರಿನ ಯಾವ ಬಾಣಂತಿಗೂ ಮೊದಲು ಓಡಿ ಬರುವವಳು ಅವಳೇ, ಅದೇ ತೊಂದರೆ.

ಅಜ್ಜಿ ಬಟ್ಟಲು ಈಸಿಕೊಂಡಳು. ಕೈಯಲ್ಲಿ ಹಿಡಿದು ಹಾಗೇ ನಿಂತಳು. ನನ್ನ ಕೋಣೆಯ ಬಾಗಿಲಲ್ಲಿ ಎರಡು ದಿನದ ಹಿಂದೆ ಕಟ್ಟಿದ ಬ್ಯಾನರ್ ಇತ್ತು, ಸ್ತನ್ಯಪಾನ ಸಪ್ತಾಹದ್ದು. ಅಜ್ಜಿ ಅದರ ಕಡೆ ತಿರುಗಿದಳು.

"ಇದ್ಯಾವ ಹಬ್ಬ ಕಣವ್ವ, ಈಗ ನಡೀತಿರೋದು?"

"ಎದೆಹಾಲಿನ ಹಬ್ಬ ಅಜ್ಜಿ. ಏಳು ದಿನ."

"ಹೆರಿಗೆಯಾದ ಮನೆ, ಪುರುಡು ಐತೆ. ನಾವು ಹಬ್ಬ ಮಾಡಂಗಿಲ್ವಲ್ಲ."

"ಬೇರೆ ಹಬ್ಬ ಮಾಡಬಾರದು. ಈ ಹಬ್ಬ ಪುರುಡಿನ ಮನೆಯಲ್ಲೇ ಮಾಡೋದು."

ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅಜ್ಜಿಯ ಮುಖ ಮಾತ್ರ ಬದಲಾಯಿತು. "ನೇಮ ಏನು?" ಅಂದಳು. ಎದೆಹಾಲು ಬಿಟ್ಟು ಒಂದು ತೊಟ್ಟು ನೀರೂ ಮಗುವಿನ ಬಾಯಿಗೆ ಹೋಗಬಾರದು ಅಂದೆ. ಅಜ್ಜಿ ಬಟ್ಟಲನ್ನು ಬೋರಮ್ಮನ ಕೈಗೆ ವಾಪಸು ಇಟ್ಟು, "ಕೇಳುಸ್ಕೊಂಡ್ಯಲ್ಲ, ನೇಮ ಐತಂತೆ" ಅಂದಳು. ಬೋರಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು. ಆ ವಾರದಲ್ಲೇ ಪಂಚಮಿ ಬಂತು. ಊರ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆಯಲು ಹೋದರು. ಪುರುಡಿನ ನಮ್ಮ ಮನೆಯವರಿಗೆ ಅದು ಇರಲಿಲ್ಲ. "ನಮ್ಮ ಹಾಲಿನ ಹಬ್ಬ ಒಳಗೆ ನಡೀತಾ ಐತೆ" ಅಂತ ಅಜ್ಜಿ ಬೀದಿಯವರಿಗೆಲ್ಲ ಹೇಳಿ ಕಳಿಸಿದಳು.

ಏಳು ದಿನ ಕಳೆದ ಬೆಳಿಗ್ಗೆ ಅಜ್ಜಿ ಬಾಗಿಲಲ್ಲಿ ಹಾಜರು. "ಹಬ್ಬ ಮುಗೀತು. ಇನ್ನ ಒಸಿ ನೀರು ಹಾಕ್ಬೋದಾ?"

ಹಬ್ಬ ಏಳು ದಿನ, ನೇಮ ಆರು ತಿಂಗಳು ಅಂದೆ. ಅಜ್ಜಿ ಜಗಲಿಯ ಮೇಲೆ ಕುಸಿದಳು.

"ಆರು ತಿಂಗಳು ನೇಮ ಹಿಡಿಯೋಕೆ ನಾನೇನು ಸನ್ಯಾಸಿನಾ? ಅಷ್ಟು ಉದ್ದಕ್ಕೆ ನನ್ನ ಕೈಲಿ ಆಗಕಿಲ್ಲ. ತುಂಡು ಮಾಡಿ ಕೊಡು. ಒಂದು ಹಬ್ಬಕ್ಕೆ ಒಂದು ನೇಮ ಹೇಳು, ಮಾಡ್ತೀನಿ. ಅದು ಮುಗಿದ ಮ್ಯಾಲೆ ಇನ್ನೊಂದು ಹೇಳು."

ಹಾಗೆ ಶುರುವಾಯಿತು. ವಾರಕ್ಕೊಮ್ಮೆ ಅಜ್ಜಿ ನನ್ನ ಬಾಗಿಲಿಗೆ ಬರುವುದು, ಇವತ್ತು ಯಾವ ದಿನ ಅಂತ ಕೇಳುವುದು, ನಾನು ಊರಿನ ಹಬ್ಬವನ್ನೋ ಸರ್ಕಾರದ ಹಬ್ಬವನ್ನೋ ಹುಡುಕಿ ಹೇಳುವುದು. ಗೌರಿ ಗಣೇಶ ಬಂದಾಗ ಪೌಷ್ಟಿಕ ಆಹಾರ ಸಪ್ತಾಹವೂ ಜೊತೆಗೆ ಬಂದಿತ್ತು. ಬೋರಮ್ಮ ಕಡುಬು ತಂದವಳು, ಹೂರಣವನ್ನು ಬೆರಳಲ್ಲಿ ಒಸಿ ನೆಕ್ಕಿಸುತ್ತೇನೆ ಅಂತ ತೊಟ್ಟಿಲ ಕಡೆ ಹೊರಟಳು. ಅಜ್ಜಿ ತೊಟ್ಟಿಲಿಗೆ ಅಡ್ಡ ನಿಂತು ಆ ಬೆರಳನ್ನು ತನ್ನ ಬಾಯಿಗೇ ಇಟ್ಟುಕೊಂಡಳು. "ಸಿಹಿ ಒಸಿ ಕಮ್ಮಿ ಆಗೈತೆ ಬೋರಿ" ಅಂದಳು. ಬೋರಮ್ಮ ಮೂರು ದಿನ ಮಾತು ಬಿಟ್ಟಳು.

ಪಿತೃಪಕ್ಷದಲ್ಲಿ ಅಜ್ಜಿ ಗಂಡನಿಗೆ ಎಡೆ ಇಟ್ಟಳು. ಅವರಿಗೆ ಇಷ್ಟವಾದ ಕೋಳಿ ಸಾರು, ಕಜ್ಜಾಯ, ಎಲೆಅಡಿಕೆ, ಒಂದು ಕಟ್ಟು ಬೀಡಿ. ನನ್ನನ್ನೂ ಊಟಕ್ಕೆ ಕರೆದಿದ್ದಳು. ದೊಡ್ಡ ಎಲೆಯ ಪಕ್ಕದಲ್ಲಿ ಬಾಳೆ ಎಲೆಯ ಒಂದು ಸಣ್ಣ ತುಂಡು, ಅದರ ಮೇಲೆ ಒಂದು ಪುಟ್ಟ ಲೋಟದಲ್ಲಿ ಹಾಲು ಮಾತ್ರ. ಯಾರಿಗೆ ಅಂತ ನಾನು ಕೇಳಲಿಲ್ಲ. ಸವಿತ ಮಗುವನ್ನು ಎತ್ತಿಕೊಂಡು ಬಂದು ಆ ಲೋಟದ ಮುಂದೆ ಒಂದು ಗಳಿಗೆ ಕೂತು ಎದ್ದು ಹೋದಳು.

ಆಯುಧಪೂಜೆ ಬಂದಾಗ ನಗಲು ಮತ್ತೆ ಕಾರಣ ಸಿಕ್ಕಿತು. ಶಿವನಂಜ ಮೋಟಾರು ಪಂಪು, ಸೈಕಲ್ಲು, ಕುಡುಗೋಲು ತೊಳೆದು ಸಾಲಾಗಿ ಇಟ್ಟ. ಅಜ್ಜಿ ನನ್ನ ಕೋಣೆಗೆ ನುಗ್ಗಿ, ಲಸಿಕೆಯ ಡಬ್ಬಿ, ಬಿಪಿ ನೋಡುವ ಯಂತ್ರ, ಮಗು ತೂಗುವ ಜೋಳಿಗೆ ತಕ್ಕಡಿ ಎಲ್ಲ ಹೊತ್ತು ತಂದಳು. ಎಲ್ಲಕ್ಕೂ ಚೆಂಡುಹೂವು, ವಿಭೂತಿ. ತಕ್ಕಡಿಯನ್ನು ತೊಲೆಗೆ ಕಟ್ಟಿ ಮೊದಲು ಬೂದುಗುಂಬಳ ತೂಗಿದರು, ಅದನ್ನು ಬೀದಿಯಲ್ಲಿ ಒಡೆದು, ಆಮೇಲೆ ಮಗುವನ್ನು ಜೋಳಿಗೆಯಲ್ಲಿ ಇಟ್ಟರು. ಮುಳ್ಳು ಹಿಂದಿನ ತಿಂಗಳಿಗಿಂತ ಚೆನ್ನಾಗಿ ಕೆಳಗೆ ಇಳಿಯಿತು. ಶಿವನಂಜ ಬಗ್ಗಿ ನೋಡಿ, "ನರ್ಸಮ್ಮ, ತಕ್ಕಡಿ ಸರಿಯಾಗೈತಾ?" ಅಂತ ಮತ್ತೆ ತೂಗಿಸಿದ. ಇನ್ನೊಮ್ಮೆ ತೂಗಿಸಿದ. ಮಗು ಅಳಲು ಶುರು ಮಾಡಿದ ಮೇಲೆ ಬಿಟ್ಟ.

ದೀಪಾವಳಿ ಕಳೆದ ಮೇಲೆ ಕಷ್ಟ ಬಂತು. ಊರಿನ ಹಬ್ಬಗಳು ಮುಗಿದಿದ್ದವು. ನನ್ನ ಸುತ್ತೋಲೆಗಳೂ ಬರಿದಾಗಿದ್ದವು. ಆ ವಾರವೇ ಮಗುವಿಗೆ ಶೀತ ಹಿಡಿದು ರಂಪ ಮಾಡತೊಡಗಿತು. ಮಗುವಿಗೆ ಹಾಲು ಸಾಲುತ್ತಿಲ್ಲ ಅಂತ ಬೀದಿಯಲ್ಲಿ ಮಾತು ಹಬ್ಬಿತು. ಸವಿತಳ ಮುಖ ಬಾಡಿತು. ನಾನು ಮಗುವನ್ನು ನೋಡಿದ್ದೆ, ಮೂಗು ಕಟ್ಟಿತ್ತು ಅಷ್ಟೆ, ಹಾಲು ಚೀಪುತ್ತಿತ್ತು, ತೂಕವೂ ಇಳಿದಿರಲಿಲ್ಲ. ಆದರೂ ಬೋರಮ್ಮ ಬೆಳಿಗ್ಗೆಯೇ ಕತ್ತೆ ಹಾಲಿನವನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದಳು. ಶೀತಕ್ಕೆ ಕತ್ತೆ ಹಾಲು ಒಂದು ಒಳಲೆ ಹಾಕಿದರೆ ಮುಗಿಯಿತು ಅನ್ನುವುದು ನಮ್ಮ ಚನ್ನಪಟ್ಟಣದಲ್ಲೂ ಇದ್ದ ನಂಬಿಕೆ. ಕತ್ತೆ ಜಗಲಿಯ ಪಕ್ಕದಲ್ಲಿ ಒಣಹಾಕಿದ್ದ ಸೊಪ್ಪಿನ ಕಡ್ಡಿಯನ್ನು ನಿಶ್ಚಿಂತೆಯಿಂದ ಮೇಯುತ್ತಿತ್ತು.

ಅಜ್ಜಿ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಮಗುವಿಗೆ ಹಾಲು ಕುಡಿಸುವ ಒಳಲೆ ಇತ್ತು. ಕಣ್ಣುಗಳು ಕೆಂಪಾಗಿದ್ದವು.

"ಇವತ್ತು ಯಾವ ದಿನ ಕಣವ್ವ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ದಿನದ ಚೌಕದಲ್ಲಿ ಏನೂ ಇರಲಿಲ್ಲ.

"ಬೇಗ ಹೇಳು. ಅವ್ನು ಹಾಲು ಕರೀತಾ ಅವ್ನೆ."

"ತೊಟ್ಟಿಲು ದಿನ" ಅಂದೆ.

"ನೇಮ?"

"ತೊಟ್ಟಿಲಲ್ಲಿ ಮಲಗೋ ಮಕ್ಕಳಿಗೆ ಹೊರಗಿನ ಹಾಲು ಮುಟ್ಟಿಸಬಾರದು. ತಾಯಂದಿರು ಹೊಟ್ಟೆ ತುಂಬ ಉಣ್ಣಬೇಕು."

ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿ, ತಿರುಗಿ ಬೀದಿಗೆ ಹೋದಳು. "ಇವತ್ತು ತೊಟ್ಟಿಲು ಹಬ್ಬ ಕಣಪ್ಪ, ಹಾಲು ಬ್ಯಾಡ, ಹೋಗಿ ಬಾ. ಕಡ್ಡಿ ತಿಂದದ್ದಕ್ಕೆ ಏನೂ ಅನ್ನಕಿಲ್ಲ" ಅಂದಳು. ಕತ್ತೆ ಹೊರಟಿತು. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಬ್ಬದ ಹೆಸರು ಹೊರಗೆ ಬಿದ್ದ ಮೇಲೆ ಆ ಊರು ಸುಮ್ಮನಿರುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಬೀದಿಯ ಎಲ್ಲ ತೊಟ್ಟಿಲುಗಳಿಗೂ ಮಾವಿನ ಸೊಪ್ಪು ಬಿತ್ತು. ಬಾಣಂತಿಯರು, ಎಳೆ ಮಕ್ಕಳ ತಾಯಂದಿರು ಜಗಲಿ ತುಂಬ ಸೇರಿದರು. ಒಬ್ಬರ ಮನೆಯಿಂದ ಅವರೆಕಾಳು ಸಾರು, ಇನ್ನೊಬ್ಬರ ಮನೆಯಿಂದ ಸೊಪ್ಪಿನ ಪಲ್ಯ. ಯಾರೋ ಜೋಗುಳ ಎತ್ತಿಕೊಂಡರು. ಸವಿತ ನಡುವೆ ಕೂತು ಎರಡು ಮುದ್ದೆ ಉಂಡಳು.

ಆ ಹೊತ್ತಿಗೆ ಸರಿಯಾಗಿ ನಮ್ಮ ಮೇಲ್ವಿಚಾರಕಿ ಮೇಡಂ ಜೀಪಿನಿಂದ ಇಳಿದರು. ಮೇಡಂ ಮಾವಿನ ಸೊಪ್ಪು ನೋಡಿದರು, ಸಾಲು ತಾಯಂದಿರನ್ನು ನೋಡಿದರು.

"ಏನಿದು ಕಾರ್ಯಕ್ರಮ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ತೊಟ್ಟಿಲು ಹಬ್ಬ ಕಣ್ತಾಯಿ" ಅಂದಳು.

"ಯಾವ ಸುತ್ತೋಲೆ ಬಂದಿತ್ತು?"

"ನೀವೇ ಅಲ್ವಾ ಕಳ್ಸೋದು? ನಮಗೇನು ಗೊತ್ತು. ಬನ್ನಿ, ಉಂಡು ಹೋಗಿ."

ಮೇಡಂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಅವರು ಒಂದೊಂದೇ ಮಗುವನ್ನು ಎತ್ತಿ ನೋಡಿದರು, ತಾಯಂದಿರನ್ನು ಏನು ಕುಡಿಸುತ್ತೀರಿ ಅಂತ ಕೇಳಿದರು. ಆಮೇಲೆ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಉಣ್ಣಲು ಕೂತರು. ಹೊರಡುವಾಗ ನನ್ನ ಕಿವಿಯ ಹತ್ತಿರ, "ವರದಿಯಲ್ಲಿ ತಾಯಂದಿರ ಸಭೆ ಅಂತ ಬರೀರಿ" ಅಂದರು. ಬೋರಮ್ಮನೂ ಆ ದಿನ ಬಂದಿದ್ದಳು. ಎಲ್ಲರಿಗಿಂತ ಜೋರಾಗಿ ಜೋಗುಳ ಹಾಡಿದವಳು ಅವಳೇ. ಮಗುವಿನ ಶೀತ ಎರಡು ಮೂರು ದಿನದಲ್ಲಿ ತಾನಾಗಿ ಹೋಯಿತು.

ಆಮೇಲೆ ದಾರಿ ಸುಲಭವಾಯಿತು. ಏಡ್ಸ್ ದಿನದ ಕೆಂಪು ರಿಬ್ಬನ್ನನ್ನು ಅಜ್ಜಿ ಮಗುವಿನ ಜುಟ್ಟಿಗೆ ಕಟ್ಟಿದಳು, ನಾನು ಬಿಚ್ಚಲಿಲ್ಲ. ಪೋಲಿಯೋ ಭಾನುವಾರಕ್ಕೆ ಊರಿನ ಹೆಂಗಸರು ಮಕ್ಕಳಿಗೆ ಹೊಸ ಬಟ್ಟೆ ಹಾಕಿ ತಂದರು. ಎರಡು ಹನಿಯೂ ನೇಮಕ್ಕೆ ವಿರುದ್ಧ ಅಲ್ಲವೇ ಅಂತ ಅಜ್ಜಿ ತಕರಾರು ಎತ್ತಿದಳು, ಅದು ತೀರ್ಥ ಅಂತ ಹೇಳಿ ಪಾರಾದೆ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಸವಿತ ಮಗುವನ್ನು ಎತ್ತಿ ಹಿಡಿದು ತೋರಿಸಿದಳು. ಬೆಂಕಿ ಹಾರಿದ ಹಸುವನ್ನು ನೋಡಿ ಮಗು ಗಹಗಹಿಸಿ ನಕ್ಕಿತು. ನಾನು ಎಷ್ಟೋ ಮಕ್ಕಳ ನಗು ಕೇಳಿದ್ದೇನೆ, ಅಷ್ಟು ಸಂತೋಷ ಆದದ್ದು ಕಡಿಮೆ.

ಶಿವರಾತ್ರಿಗೆ ಮುಂಚೆ ಆರು ತಿಂಗಳು ತುಂಬಿತು. ಬೆಳಿಗ್ಗೆ ನಾನೇ ಅಜ್ಜಿಯನ್ನು ಹುಡುಕಿಕೊಂಡು ಅಡುಗೆ ಮನೆಗೆ ಹೋದೆ. ನೇಮ ಮುಗಿಯಿತು, ಇನ್ನು ಎದೆಹಾಲಿನ ಜೊತೆ ರಾಗಿ ಸರಿ ತಿನ್ನಿಸಬಹುದು ಅಂತ ಹೇಳಲು ಹೋದರೆ, ಒಲೆಯ ಮೇಲೆ ಸರಿ ಆಗಲೇ ಕುದಿಯುತ್ತಿತ್ತು. ಸವಿತ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ನಿಂಗೆ ಗೊತ್ತಿತ್ತಾ ಅಜ್ಜಿ, ಇವತ್ತಿಗೆ ಮುಗೀತು ಅಂತ?"

"ಮೊದ್ಲಿಂದ ಗೊತ್ತು. ನೀನೇ ಹೇಳಿದ್ಯಲ್ಲ ಆರು ತಿಂಗಳು ಅಂತ. ತೊಟ್ಟಿಲು ಹಬ್ಬ ಅಂತ ಯಾವುದೂ ಇಲ್ಲ ಅನ್ನೋದೂ ಗೊತ್ತು."

"ಮತ್ತೆ ವಾರವಾರ ಯಾಕೆ ಬಂದು ಕೇಳ್ತಿದ್ದೆ?"

ಅಜ್ಜಿ ಸೌಟಿನಿಂದ ಸರಿ ತಿರುವುತ್ತಲೇ ಇದ್ದಳು.

"ಮೊದಲ್ನೇ ಕೂಸಿಗೆ ಸಕ್ಕರೆ ನೀರು ಹಾಕ್ದೋಳು ನಾನು ಕಣವ್ವ. ಬೀಗರ ಮನೆಗೆ ನೋಡಕ್ಕೆ ಅಂತ ಹೋಗಿದ್ನಲ್ಲ, ಈ ಕೈಯಾಗೇ ಹಾಕ್ದೆ. ಇವಳು ಇವತ್ತಿನ ತನಕ ಒಂದು ಮಾತು ಅಂದಿಲ್ಲ. ಈ ಕೂಸು ಅತ್ತಾಗೆಲ್ಲ ಕೈ ಅದೇ ಬಟ್ಟಲಿಗೆ ಹೋಗೋದು. ಅಭ್ಯಾಸ. ಬರೀ ಬುದ್ಧಿ ಹೇಳಿದ್ರೆ ನಿಲ್ಲೋ ಕೈಯಲ್ಲ ಇದು. ನೇಮ ಅಂದ್ರೆ ನಿಲ್ತದೆ."

ಸವಿತ ತಲೆ ಎತ್ತಲಿಲ್ಲ. ಮಗುವಿನ ಕಾಲಿನ ಸಣ್ಣ ಬೆರಳುಗಳನ್ನು ಸವರುತ್ತಾ ಕೂತಿದ್ದಳು. ಅಜ್ಜಿ ಸರಿಯನ್ನು ಬೆಳ್ಳಿ ಬಟ್ಟಲಿಗೆ ಬಗ್ಗಿಸಿ, ಚಮಚ ಇಟ್ಟು ನನ್ನ ಕಡೆ ಚಾಚಿದಳು.

"ತಗೋ. ಮೊದಲ ತುತ್ತು ನೀನೇ ಇಡು. ನನ್ನ ಕೈ ಬ್ಯಾಡ."

ನಾನು ಬಟ್ಟಲು ತೆಗೆದುಕೊಂಡೆ. ಅಷ್ಟರಲ್ಲಿ ಸವಿತ ನನ್ನ ಕೈಯಿಂದ ಬಟ್ಟಲು ಈಸಿಕೊಂಡು ಅತ್ತೆಯ ಮಡಿಲಲ್ಲಿ ಇಟ್ಟಳು. ಮಗುವನ್ನೂ ಅಲ್ಲೇ ಕೂರಿಸಿದಳು.

"ನೀವೇ ಇಡಿ ಅತ್ತೆ" ಅಂದಳು.

ಅಜ್ಜಿ ಚಮಚ ಎತ್ತಿದಳು. ಸರಿ ಅಂಚಿನಿಂದ ತೊಟ್ಟಿಕ್ಕಿತು. ಬಾಯಿಯ ಹತ್ತಿರ ಒಯ್ದು ನಿಲ್ಲಿಸಿಬಿಟ್ಟಳು. ಮಗುವಿಗೆ ತಾಳ್ಮೆ ಎಲ್ಲಿಯದು? ಎರಡೂ ಕೈಯಿಂದ ಅಜ್ಜಿಯ ಮುಂಗೈ ಹಿಡಿದು, ಚಮಚದ ಸಮೇತ ತನ್ನ ಬಾಯಿಗೆ ಎಳೆದುಕೊಂಡಿತು.

"ತಡಿ ಕಣವ್ವ ತಡಿ" ಅಂದಳು ಅಜ್ಜಿ, ಕಣ್ಣೀರು ಒರೆಸಿಕೊಳ್ಳಲು ಬಿಡುವಿಲ್ಲದೆ. "ಒಸಿ ಆರ್ಲಿ."